ರಟ್ಟೆಯ ‘ನರ’ ಮೂಳೆಯಿಂದ ಕಿತ್ತುಬಂದರೆ: ಬಟನ್, ಆ್ಯಂಕರ್, ಸ್ಕ್ರೂ – ಯಾವ ಕಟ್ಟು ಎಷ್ಟು ಗಟ್ಟಿ?

ಜೂನ್ ಬಂತೆಂದರೆ ಮಲ್ಪೆ ಬಂದರಿನಲ್ಲಿ ಬೋಟುಗಳು ಒಂದಕ್ಕೊಂದು ಒತ್ತಿಕೊಂಡು ನಿಲ್ಲುತ್ತವೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಮೀನುಗಾರಿಕೆ ಇಲ್ಲ. ಆದರೆ ಕೈಗೆ ಬಿಡುವಿಲ್ಲ. ಬಲೆ ರಿಪೇರಿ, ಪೇಂಟು, ಇಂಜಿನ್ ಬಿಚ್ಚಿ ಸರಿಮಾಡುವುದು ಎಲ್ಲವೂ ಈ ಎರಡು ತಿಂಗಳಲ್ಲೇ ಮುಗಿಯಬೇಕು. ನಮ್ಮ ಪಕ್ಕದ ಮನೆಯ ಅಣ್ಣ ಈ ಸಲ ಅಂಥದ್ದೇ ಕೆಲಸದಲ್ಲಿದ್ದರು. ನಾಲ್ಕು ಜನ ಹಿಡಿದಿದ್ದ ಇಂಜಿನ್ನಿನ ಭಾಗವೊಂದು ಒಬ್ಬರ ಕೈಯಿಂದ ಜಾರಿತು. ಭಾರ ಅಣ್ಣನ ಬಲಗೈ ಮೇಲೆ ಬಿತ್ತು. ಮಡಚಿದ್ದ ಮೊಣಕೈ ಝಟ್ಟನೆ ನೇರವಾಯಿತು. ಒಳಗೆ ‘ಟಪ್’ ಅಂತ ಏನೋ ತುಂಡಾದ ಹಾಗೆ ಕೇಳಿಸಿತಂತೆ.

ರಾತ್ರಿ ಹೊತ್ತಿಗೆ ಮೊಣಕೈ ಒಳಭಾಗ ನೀಲಿಯಾಗಿತ್ತು. ರಟ್ಟೆಯ ಗಡ್ಡೆ ಮೇಲಕ್ಕೆ ಸರಿದು ಉಂಡೆಯಾಗಿ ಕೂತಿತ್ತು. ಬೈಸೆಪ್ಸ್ ಸ್ನಾಯುರಜ್ಜು ಮೂಳೆಯಿಂದ ಕಿತ್ತುಬಂದಿದೆ, ಆಪರೇಷನ್ ಮಾಡಿ ಕಟ್ಟಬೇಕು ಅಂದರು ವೈದ್ಯರು. ಅವರು ಕೊಟ್ಟ ಖರ್ಚಿನ ಚೀಟಿಯಲ್ಲಿ ‘ಬಟನ್’ ಅಂತ ಬರೆದಿತ್ತು. ಇನ್ನೊಂದು ಕಡೆ ಕೇಳಿದಾಗ ‘ಆ್ಯಂಕರ್’ ಅಂದರು. ಸಂಬಂಧಿಕರೊಬ್ಬರು ಸ್ಕ್ರೂವೇ ಒಳ್ಳೆಯದು ಅಂದರು. ಅತ್ತಿಗೆ ಎರಡೂ ಚೀಟಿ ಹಿಡಿದುಕೊಂಡು ನಮ್ಮ ಮನೆಗೆ ಬಂದರು. “ಇದರಲ್ಲಿ ಯಾವ್ದು ಗಟ್ಟಿ ಅಂತ ಸ್ವಲ್ಪ ನೋಡಿ ಹೇಳು ಮಾರಾಯಾ” ಅಂದರು.

ನಾನು ವೈದ್ಯನಲ್ಲ. ಪಾಲಿಟೆಕ್ನಿಕ್ಕಿನಲ್ಲಿ ಮೆಕ್ಯಾನಿಕಲ್ ಪಾಠ ಮಾಡುವವನು. ಆದರೆ ಒಂದು ವಸ್ತುವನ್ನು ಇನ್ನೊಂದಕ್ಕೆ ಕಟ್ಟಿ, ಎಷ್ಟು ಎಳೆದರೆ ಕಿತ್ತುಬರುತ್ತದೆ ಅಂತ ಅಳೆಯುವುದು ನನ್ನ ವಿಷಯಕ್ಕೆ ಬಹಳ ಹತ್ತಿರದ್ದು. ಮೂಳೆ ವೈದ್ಯರು ಈ ಅಳತೆಗಳನ್ನು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಮಾಡುತ್ತಾ ಬಂದಿದ್ದಾರೆ. ಅತ್ತಿಗೆಗೆ ಎರಡು ಸಂಜೆ ಕೂತು ಹೇಳಿದ್ದನ್ನು ಇಲ್ಲಿ ಬರೆದಿದ್ದೇನೆ.

‘ನರ’ ಅನ್ನುವುದು ನರವಲ್ಲ

ನಮ್ಮಲ್ಲಿ ಕೈಕಾಲಿನಲ್ಲಿ ಏನು ಎಳೆದರೂ “ನರ ಎಳೆದಿದೆ”, ಏನು ಹರಿದರೂ “ನರ ಕಟ್ಟಾಗಿದೆ” ಅನ್ನುತ್ತೇವೆ. ನಿಜವಾದ ನರ ಬೇರೆ. ಅದು ಮೆದುಳಿನ ಸಂದೇಶ ಸಾಗಿಸುವ ತಂತಿ. ಇಲ್ಲಿ ಕಿತ್ತುಬಂದದ್ದು ಸ್ನಾಯುರಜ್ಜು, ಅಂದರೆ ಮಾಂಸಖಂಡವನ್ನು ಮೂಳೆಗೆ ಕಟ್ಟುವ ಹಗ್ಗ. ಕೋಳಿ ಕಾಲು ಕತ್ತರಿಸುವಾಗ ಮಾಂಸದ ತುದಿಯಲ್ಲಿ ಬಿಳಿಯಾಗಿ, ಹೊಳೆಯುತ್ತಾ, ಗಟ್ಟಿಯಾದ ದಾರ ಸಿಗುತ್ತದಲ್ವಾ? ಅದೇ.

ಈ ವ್ಯತ್ಯಾಸ ಗೊತ್ತಿರುವುದು ಮುಖ್ಯ. ಮುಂದೆ ಈ ಆಪರೇಷನ್ನಿನ ತೊಂದರೆಗಳ ಮಾತು ಬಂದಾಗ ನಿಜವಾದ ನರವೂ ಬರುತ್ತದೆ. ಎರಡನ್ನೂ ‘ನರ’ ಅಂದರೆ ಗೊಂದಲವಾಗುತ್ತದೆ. ಆದ್ದರಿಂದ ಇಲ್ಲಿಂದ ಮುಂದೆ ಹಗ್ಗವನ್ನು ರಜ್ಜು ಅಂತಲೇ ಕರೆಯುತ್ತೇನೆ.

ತೀರ್ಥ ತೆಗೆದುಕೊಳ್ಳುವ ಕೈ

ಬೈಸೆಪ್ಸ್ ಅಂದರೆ ರಟ್ಟೆಯ ಮುಂಭಾಗದ ಮಾಂಸಖಂಡ. ಮೇಲೆ ಭುಜದ ಹತ್ತಿರ ಅದಕ್ಕೆ ಎರಡು ಬೇರುಗಳಿವೆ. ಕೆಳಗೆ ಒಂದೇ ರಜ್ಜು. ಮುಂಗೈಯಲ್ಲಿ ಎರಡು ಉದ್ದ ಮೂಳೆಗಳಿವೆ ಅಂತ ಶಾಲೆಯಲ್ಲಿ ಓದಿದ್ದೇವೆ. ಅದರಲ್ಲಿ ಹೆಬ್ಬೆರಳಿನ ಕಡೆಯದು ರೇಡಿಯಸ್. ಮೊಣಕೈಯಿಂದ ಸ್ವಲ್ಪ ಕೆಳಗೆ ರೇಡಿಯಸ್ ಮೂಳೆಯ ಮೇಲೆ ಒಂದು ಸಣ್ಣ ಗುಬುಟಿದೆ. ಬೈಸೆಪ್ಸ್‌ನ ಕೆಳತುದಿ ಅಂಟಿಕೊಂಡಿರುವುದು ಅಲ್ಲಿ.

ಮೊಣಕೈ ಮಡಚುವುದು ಬೈಸೆಪ್ಸ್‌ನ ಕೆಲಸ ಅಂತ ಎಲ್ಲರಿಗೂ ಗೊತ್ತು. ಆದರೆ ಆ ಕೆಲಸಕ್ಕೆ ಅದರ ಕೆಳಗೇ ಇರುವ ಇನ್ನೊಂದು ಮಾಂಸಖಂಡವೂ ಇದೆ. ಬೈಸೆಪ್ಸ್ ಇಲ್ಲದೆ ಸೊರಗುವುದು ಮುಖ್ಯವಾಗಿ ಇನ್ನೊಂದು ಕೆಲಸ: ಅಂಗೈಯನ್ನು ಆಕಾಶಕ್ಕೆ ತಿರುಗಿಸುವುದು. ಕೃಷ್ಣಮಠದಲ್ಲಿ ತೀರ್ಥ ತೆಗೆದುಕೊಳ್ಳಲು ಕೈ ಹಿಡಿಯುತ್ತೇವಲ್ಲ, ಆ ತಿರುವು. ಬಲಗೈಯಲ್ಲಿ ಸ್ಕ್ರೂ ಬಿಗಿ ಮಾಡುವಾಗ, ನಟ್ಟಿಗೆ ಸ್ಪ್ಯಾನರ್ ಹಾಕಿ ತಿರುಗಿಸುವಾಗ ಬೇಕಾಗುವ ಶಕ್ತಿ ಇದೇ. ಬೋಟಿನ ಕೆಲಸದವರಿಗೆ, ಮೆಕ್ಯಾನಿಕ್‌ಗಳಿಗೆ, ಬಡಗಿಗಳಿಗೆ ಇದು ಹೊಟ್ಟೆಪಾಡಿನ ತಿರುವು.

ರಜ್ಜು ಕಿತ್ತುಬರುವುದು ಸಾಮಾನ್ಯವಾಗಿ ಅಣ್ಣನಿಗೆ ಆದ ರೀತಿಯಲ್ಲೇ. ಮಡಚಿದ ಕೈಯನ್ನು ಭಾರವೊಂದು ಬಲವಂತವಾಗಿ ನೇರ ಮಾಡುತ್ತದೆ. ಮಾಂಸಖಂಡ ಎಳೆದು ಹಿಡಿಯುತ್ತಿರುತ್ತದೆ, ಭಾರ ಅದಕ್ಕಿಂತ ಜೋರಾಗಿ ಎಳೆಯುತ್ತದೆ. 40ರಿಂದ 60 ವಯಸ್ಸಿನ ಗಂಡಸರಲ್ಲಿ, ಅದರಲ್ಲೂ ಹೆಚ್ಚು ಬಳಸುವ ಕೈಯಲ್ಲಿ ಜಾಸ್ತಿ. 2002ರಲ್ಲಿ ಪ್ರಕಟವಾದ ಅಮೆರಿಕದ ಒಂದು ಲೆಕ್ಕದ ಪ್ರಕಾರ ವರ್ಷಕ್ಕೆ ಲಕ್ಷಕ್ಕೆ ಸುಮಾರು 1.2 ಜನರಿಗೆ ಹೀಗಾಗುತ್ತದೆ. ಬೀಡಿ ಸಿಗರೇಟು ಸೇದುವವರಿಗೆ ಅಪಾಯ 7.5 ಪಟ್ಟು ಹೆಚ್ಚು ಅಂತಲೂ ಅದೇ ಅಧ್ಯಯನ ಹೇಳಿತು. ರಜ್ಜಿನ ಕೆಳತುದಿಗೆ ರಕ್ತ ಹರಿಯುವುದೇ ಕಡಿಮೆ.

ಹಾಗೇ ಬಿಟ್ಟರೆ?

ಬಿಡಬಹುದು. ಜೀವಕ್ಕೆ ಅಪಾಯವಿಲ್ಲ, ಕೈಯೂ ಮಡಚುತ್ತದೆ. ಆದರೆ ಶಕ್ತಿ ಇಳಿಯುತ್ತದೆ. 1985ರಲ್ಲಿ ಮೊರೆ ಎಂಬ ವೈದ್ಯರ ತಂಡ ಅಳೆದು ನೋಡಿದಾಗ, ಆಪರೇಷನ್ ಮಾಡಿಸಿಕೊಳ್ಳದವರಲ್ಲಿ ಅಂಗೈ ತಿರುಗಿಸುವ ಬಲ ಸುಮಾರು 40 ಶೇಕಡ, ಮಡಚುವ ಬಲ ಸುಮಾರು 30 ಶೇಕಡ ಕಡಿಮೆಯಾಗಿತ್ತು. ವಯಸ್ಸಾದವರು, ಭಾರದ ಕೆಲಸ ಇಲ್ಲದವರು ಇದರಲ್ಲೇ ನೆಮ್ಮದಿಯಾಗಿ ಇರುತ್ತಾರೆ. ದುಡಿಯುವ ಕೈಗೆ ಇದು ದೊಡ್ಡ ನಷ್ಟ.

ತೀರ್ಮಾನಕ್ಕೆ ಸಮಯ ಮಾತ್ರ ಜಾಸ್ತಿ ಇಲ್ಲ. ಮೊದಲ ಎರಡು ಮೂರು ವಾರದೊಳಗೆ ಕಟ್ಟುವುದು ಸುಲಭ. ತಡವಾದಷ್ಟೂ ಮಾಂಸಖಂಡ ಮೇಲಕ್ಕೆ ಎಳೆದುಕೊಂಡು ಅಲ್ಲೇ ಅಂಟಿಕೊಳ್ಳುತ್ತದೆ. ಆಮೇಲೆ ಹಗ್ಗ ಸಾಲದೆ ಬೇರೆ ಕಡೆಯ ರಜ್ಜನ್ನು ತಂದು ಜೋಡಿಸಬೇಕಾಗಬಹುದು. “ಎಣ್ಣೆ ಹಚ್ಚಿ ಉಜ್ಜಿದರೆ ಸರಿಹೋಗುತ್ತದೆ” ಅಂತ ತಿಂಗಳು ಕಳೆಯುವವರನ್ನು ನಮ್ಮೂರಲ್ಲಿ ನೋಡಿದ್ದೇನೆ. ಮೂಳೆಯಿಂದ ಪೂರ್ತಿ ಬಿಟ್ಟುಬಂದ ರಜ್ಜು ಉಜ್ಜಿದ್ದಕ್ಕೆ ವಾಪಸು ಹೋಗಿ ಕೂರುವುದಿಲ್ಲ.

ಇನ್ನೊಂದು ಮಾತು. ಬೈಸೆಪ್ಸ್ ಮೇಲೆ ಭುಜದ ಕಡೆಯೂ ಹರಿಯುತ್ತದೆ, ಹೆಚ್ಚು ಜನರಿಗೆ ಆಗುವುದು ಅದೇ. ಅದಕ್ಕೆ ಎಷ್ಟೋ ಸಲ ಆಪರೇಷನ್ ಬೇಕಾಗುವುದಿಲ್ಲ. “ನನ್ನ ಭಾವನಿಗೂ ಬೈಸೆಪ್ಸ್ ಹರಿದಿತ್ತು, ಸುಮ್ನೆ ಬಿಟ್ಟರು, ಸರಿಹೋಯಿತು” ಅಂತ ಯಾರಾದರೂ ಹೇಳಿದರೆ ಮೇಲಿನದೋ ಕೆಳಗಿನದೋ ಅಂತ ಮೊದಲು ಕೇಳಿ.

ಮುರಕಲ್ಲಿನ ಗೋಡೆಗೆ ಹಗ್ಗ ಕಟ್ಟುವ ನಾಲ್ಕು ದಾರಿ

ಕರಾವಳಿಯ ಮನೆಯ ಗೋಡೆಯನ್ನು ನೆನಪಿಸಿಕೊಳ್ಳಿ. ಹೊರಗೆ ಗಟ್ಟಿ ಸಿಮೆಂಟು ಗಾರೆ. ಒಳಗೆ ತೂತುತೂತಾದ ಮುರಕಲ್ಲು. ಮೂಳೆಯೂ ಹೀಗೇ. ಹೊರಚಿಪ್ಪು ಬಹಳ ಗಟ್ಟಿ. ಒಳಗಿನದು ಜೇನುಗೂಡಿನ ಹಾಗೆ, ಮೆತ್ತಗೆ. ಈ ಗೋಡೆಗೆ ಒಂದು ಹಗ್ಗ ಕಟ್ಟಬೇಕು, ಜೋರಾಗಿ ಎಳೆದರೂ ಬರಬಾರದು. ಹೇಗೆ ಕಟ್ಟುತ್ತೀರಿ?

ಹಳೆಯ ದಾರಿ ಮೂಳೆಯ ಸುರಂಗ. ಮೂಳೆಯಲ್ಲಿ ಒಂದು ಗುಂಡಿ ಮಾಡಿ ರಜ್ಜಿನ ತುದಿಯನ್ನು ಒಳಗೆ ಕೂರಿಸುತ್ತಾರೆ. ರಜ್ಜಿಗೆ ಹೊಲಿದ ದಾರಗಳನ್ನು ಪಕ್ಕದ ಸಣ್ಣ ತೂತುಗಳಿಂದ ಹೊರಗೆ ತಂದು, ನಡುವಿನ ಮೂಳೆಯ ಸೇತುವೆಯ ಮೇಲೆ ಗಂಟು ಹಾಕುತ್ತಾರೆ. ಹಿಂದಿನ ಕಾಲದಲ್ಲಿ ನಮ್ಮ ಕಡಲತಡಿಯಲ್ಲಿ ಮೊಳೆ ಹೊಡೆಯದೆ, ಹಲಗೆಗೆ ತೂತು ಕೊರೆದು ತೆಂಗಿನ ನಾರಿನ ಹುರಿಯಿಂದ ಹೊಲಿದ ದೋಣಿಗಳಿದ್ದವು. ಅದೇ ಉಪಾಯ. 1961ರಲ್ಲಿ ಬಾಯ್ಡ್ ಮತ್ತು ಆ್ಯಂಡರ್ಸನ್ ಎಂಬ ವೈದ್ಯರು ಕೈಯಲ್ಲಿ ಎರಡು ಕಡೆ ಕೊಯ್ದು ಹೀಗೆ ಕಟ್ಟುವ ಕ್ರಮವನ್ನು ವಿವರಿಸಿದರು. ಇಲ್ಲಿ ಮೂಳೆಯೊಳಗೆ ಉಳಿಯುವ ವಸ್ತು ಏನೂ ಇಲ್ಲ, ಬರೀ ದಾರ. ಹಾಗಾಗಿ ಸಾಮಾನಿನ ಖರ್ಚೂ ಕಡಿಮೆ. ಆದರೆ ಬಾವಿಕಟ್ಟೆಯ ಕಲ್ಲಿನ ಮೇಲೆ ಹಗ್ಗ ಉಜ್ಜಿ ಉಜ್ಜಿ ಗೆರೆ ಬೀಳುವ ಹಾಗೆ, ದಾರ ಮೂಳೆಯ ಸೇತುವೆಯನ್ನು ಕೊಯ್ಯಬಹುದು.

ಎರಡನೆಯದು ಆ್ಯಂಕರ್. ಆ್ಯಂಕರ್ ಅಂದರೆ ಲಂಗರು. ಬೋಟಿನವರಿಗೆ ಹೆಸರಲ್ಲೇ ಅರ್ಥವಾಗುತ್ತದೆ. ದಾರ ಕಟ್ಟಿದ ಸಣ್ಣ ಮೊಳೆಯಂಥ ವಸ್ತುವನ್ನು ಮೂಳೆಯೊಳಗೆ ತಿರುಗಿಸಿ ಇಳಿಸುತ್ತಾರೆ. ಅದು ಒಳಗೆ ಕಚ್ಚಿಕೊಳ್ಳುತ್ತದೆ, ದಾರದ ತುದಿಗಳು ಹೊರಗೆ ಉಳಿಯುತ್ತವೆ. ಅದರಿಂದ ರಜ್ಜನ್ನು ಮೂಳೆಯ ಮೈಗೆ ಒತ್ತಿ ಕಟ್ಟುತ್ತಾರೆ. ಸಾಮಾನ್ಯವಾಗಿ ಎರಡು ಹಾಕುತ್ತಾರೆ. ಕೆಸರಿನಲ್ಲಿ ಹಾಕಿದ ಲಂಗರು ಜಾರುವ ಹಾಗೆ, ಮೂಳೆ ಮೆತ್ತಗಿದ್ದರೆ ಇದು ಕಿತ್ತುಬರಬಹುದು.

ಮೂರನೆಯದು ಇಂಟರ್‌ಫಿಯರೆನ್ಸ್ ಸ್ಕ್ರೂ. ಹೆಸರು ದೊಡ್ಡದು, ಉಪಾಯ ಹಳ್ಳಿಯದ್ದು. ಗುದ್ದಲಿಯ ಕಾವು ಸಡಿಲವಾದರೆ ಬೆಣೆ ಹೊಡೆಯುತ್ತೇವಲ್ಲ? ಹಾಗೇ. ಮೂಳೆಯ ತೂತಿಗೆ ರಜ್ಜಿನ ತುದಿಯನ್ನು ತೂರಿಸಿ, ಪಕ್ಕದಲ್ಲಿ ಸ್ಕ್ರೂ ತಿರುಗಿಸುತ್ತಾರೆ. ಸ್ಕ್ರೂ ರಜ್ಜನ್ನು ತೂತಿನ ಗೋಡೆಗೆ ಒತ್ತಿ ಹಿಡಿಯುತ್ತದೆ. ಹಿಡಿತವೆಲ್ಲ ಒತ್ತುವುದರಿಂದ ಬರುವುದು. ತೂತು ದೊಡ್ಡದಾಯಿತೋ, ಮೂಳೆ ಮೆದುವಾಗಿತ್ತೋ, ಒತ್ತುವ ಬಲ ಕಡಿಮೆಯಾಗುತ್ತದೆ.

ನಾಲ್ಕನೆಯದು ಬಟನ್. ಅಂಗಿಯ ಗುಂಡಿಯಂತೆ ಇದು ದುಂಡಗಿಲ್ಲ. ಉದ್ದನೆಯ ಲೋಹದ ಪಟ್ಟಿ. ಹೆಚ್ಚು ಹೆಸರಾದ ಮಾದರಿ ಸುಮಾರು 12 ಮಿಲಿಮೀಟರ್ ಉದ್ದ, 4 ಮಿಲಿಮೀಟರ್ ಅಗಲ. ಇದನ್ನು ಮೊದಲು ಮಾಡಿದ್ದು ಮೊಣಕಾಲಿನ ಆಪರೇಷನ್ನಿಗಾಗಿ. 2000ದ ಹೊತ್ತಿಗೆ ಬೈಸೆಪ್ಸ್‌ಗೂ ಬಳಸತೊಡಗಿದರು. ಬಟ್ಟೆ ಒಣಗಿಸುವ ಹಗ್ಗವನ್ನು ಗೋಡೆಗೆ ಕಟ್ಟುವುದಿದೆ ಅಂದುಕೊಳ್ಳಿ. ಗೋಡೆಯ ಆಚೆಗೂ ತೂತು ಕೊರೆಯುತ್ತೀರಿ. ಹಗ್ಗದ ತುದಿಗೆ ಒಂದು ಕಡ್ಡಿ ಕಟ್ಟಿ, ಕಡ್ಡಿಯನ್ನು ಉದ್ದುದ್ದಕ್ಕೆ ತೂರಿಸಿ ಆಚೆ ತಳ್ಳುತ್ತೀರಿ. ಆಚೆ ಹೋದ ಮೇಲೆ ಅದನ್ನು ಅಡ್ಡ ಮಾಡಿ ಹಗ್ಗ ಎಳೆದರೆ ಕಡ್ಡಿ ಗೋಡೆಯ ಹಿಂದೆ ಅಡ್ಡಲಾಗಿ ಕೂರುತ್ತದೆ. ಈಗ ನೀವು ಎಳೆದಷ್ಟೂ ಅದು ಗೋಡೆಯ ಹಿಂಬದಿಯ ಗಾರೆಗೆ ಒರಗುತ್ತದೆ. ಬಟನ್ನಿನ ಗುಟ್ಟೆಲ್ಲ ಇಷ್ಟೇ. ಮುರಕಲ್ಲನ್ನು ನಂಬುವುದಿಲ್ಲ, ಆಚೆ ಬದಿಯ ಗಟ್ಟಿ ಚಿಪ್ಪನ್ನು ನಂಬುತ್ತದೆ.

ಕಿಲೋ ಲೆಕ್ಕದಲ್ಲಿ

ಎಳೆಯುವ ಬಲವನ್ನು ನ್ಯೂಟನ್‌ನಲ್ಲಿ ಅಳೆಯುತ್ತಾರೆ. ಒಂದು ಕಿಲೋ ಭಾರ ತೂಗುಹಾಕಿದರೆ ಸುಮಾರು 10 ನ್ಯೂಟನ್ ಎಳೆತ. ಅಷ್ಟು ನೆನಪಿಟ್ಟುಕೊಂಡರೆ ಸಾಕು.

2007ರಲ್ಲಿ ಅಮೆರಿಕದಲ್ಲಿ ಮಝೊಕ್ಕಾ ಮತ್ತು ಜೊತೆಗಾರರು ಈ ನಾಲ್ಕೂ ವಿಧಾನಗಳನ್ನು ಒಂದೇ ಪರೀಕ್ಷೆಯಲ್ಲಿ ಇಟ್ಟು ನೋಡಿದರು. ದಾನವಾಗಿ ಬಂದ ಮೃತದೇಹಗಳ 63 ಮೊಣಕೈಗಳಲ್ಲಿ ರಜ್ಜು ಕಟ್ಟಿ, ಯಂತ್ರಕ್ಕೆ ಸಿಕ್ಕಿಸಿ, ಕಿತ್ತುಬರುವವರೆಗೆ ಎಳೆದರು. ಸರಾಸರಿ ಹೀಗೆ ಬಂತು: ಬಟನ್ 440 ನ್ಯೂಟನ್, ಆ್ಯಂಕರ್ 381, ಸುರಂಗ 310, ಸ್ಕ್ರೂ 232. ಕಿಲೋದಲ್ಲಿ ಹೇಳುವುದಾದರೆ ಬಟನ್ ಸುಮಾರು 45 ಕಿಲೋ ತಡೆಯಿತು, ಆ್ಯಂಕರ್ 39, ಸುರಂಗ 32, ಸ್ಕ್ರೂ 24.

ಇಲ್ಲಿಗೆ ಉತ್ತರ ಸಿಕ್ಕಿತು ಅನಿಸುತ್ತದೆ. ಅತ್ತಿಗೆಯೂ “ಹಾಗಾದ್ರೆ ಬಟನ್ನೇ” ಅಂದು ಎದ್ದು ನಿಂತರು. ನಾನು ಇನ್ನೊಂದು ಪರೀಕ್ಷೆಯ ಅಂಕಿ ತೋರಿಸಿದೆ. 2003ರಲ್ಲಿ ಗ್ರೀನ್‌ಬರ್ಗ್ ಮತ್ತು ಜೊತೆಗಾರರು ಮಾಡಿದ್ದು. ಅಲ್ಲಿ ಬಟನ್ 584, ಆ್ಯಂಕರ್ 254, ಸುರಂಗ 178. ಬಟನ್ ಎರಡೂ ಕಡೆ ಮೊದಲಿಗೇ ಬಂದಿದೆ. ಆದರೆ ಅದೇ ಸುರಂಗ ಒಂದು ಕಡೆ 310, ಇನ್ನೊಂದು ಕಡೆ 178! ಒಂದೇ ಹೆಸರಿನ ಕಟ್ಟು, ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿದೆ.

ಯಾಕೆ? ದಾರ ಬೇರೆ, ಹೊಲಿಗೆ ಬೇರೆ, ತೂತಿನ ಅಳತೆ ಬೇರೆ, ಎಳೆದ ಕೋನ ಬೇರೆ, ದೇಹ ಕೊಟ್ಟವರ ವಯಸ್ಸು ಬೇರೆ. ಇಂಥ ಪರೀಕ್ಷೆಗೆ ಸಿಗುವುದು ಹೆಚ್ಚಾಗಿ ವಯಸ್ಸಾದವರ ಮೂಳೆ. ನಲವತ್ತೈದರ ಬೋಟು ಕೆಲಸದವರ ಮೂಳೆ ಅದಕ್ಕಿಂತ ಗಟ್ಟಿ ಇರುತ್ತದೆ. ಹಾಗಾಗಿ ಈ ಅಂಕಿಗಳಲ್ಲಿ ನೋಡಬೇಕಾದದ್ದು ಸಾಲಿನ ಕ್ರಮವನ್ನು. ‘ನನ್ನ ಕೈಗೆ 45 ಕಿಲೋ ಗ್ಯಾರಂಟಿ’ ಅಂತ ಓದಬಾರದು.

ಅಂಗೈಯಲ್ಲಿ ಐದು ಕಿಲೋ, ರಜ್ಜಿನ ಕಡೆ ನಲವತ್ತು

ಈಗ ಹೇಳುವುದು ನನಗೆ ಎಲ್ಲಕ್ಕಿಂತ ಮುಖ್ಯ ಅನಿಸಿದ ವಿಷಯ. ಕಟ್ಟು 45 ಕಿಲೋ ತಡೆಯುತ್ತದೆ ಅಂದರೆ ಕೈಯಲ್ಲಿ 45 ಕಿಲೋ ಎತ್ತಬಹುದು ಅಂತಲ್ಲ. ಅದರ ಹತ್ತಿರವೂ ಅಲ್ಲ.

ಬಾಗಿಲನ್ನು ತಿರುಗಣೆಯ ಪಕ್ಕದಲ್ಲಿ ತಳ್ಳಿ ನೋಡಿ. ಎಷ್ಟು ಕಷ್ಟ! ಹಿಡಿಯ ಹತ್ತಿರ ತಳ್ಳಿದರೆ ಒಂದು ಬೆರಳು ಸಾಕು. ಮೊಣಕೈ ಒಂದು ತಿರುಗಣೆ. ಬೈಸೆಪ್ಸ್ ರಜ್ಜು ಎಳೆಯುವುದು ಆ ತಿರುಗಣೆಯ ತೀರಾ ಹತ್ತಿರದಿಂದ, ನಾಲ್ಕೈದು ಸೆಂಟಿಮೀಟರ್ ದೂರದಲ್ಲಿ. ಭಾರ ಇರುವುದು ಅಂಗೈಯಲ್ಲಿ, ಸುಮಾರು 35 ಸೆಂಟಿಮೀಟರ್ ದೂರದಲ್ಲಿ. ಅಂದರೆ ಅಂಗೈಯ ಒಂದು ಕಿಲೋಗೆ ಒಳಗಿನ ಮಾಂಸಖಂಡಗಳು ಏಳೆಂಟು ಕಿಲೋ ಬಲದಿಂದ ಎಳೆಯಬೇಕು. ಐದು ಕಿಲೋ ಅಕ್ಕಿಯ ಚೀಲವನ್ನು ಮೊಣಕೈ ಮಡಚಿ ಹಿಡಿದರೆ 35ರಿಂದ 40 ಕಿಲೋ. ಇದು ಬೈಸೆಪ್ಸ್ ಒಂದರ ಮೇಲೇ ಬೀಳುವುದಿಲ್ಲ. ಜೊತೆಗಿರುವ ಇತರ ಮಾಂಸಖಂಡಗಳೂ ಹಂಚಿಕೊಳ್ಳುತ್ತವೆ. ಆದರೂ ಹೊಸದಾಗಿ ಕಟ್ಟಿದ ರಜ್ಜಿಗೆ ಅದು ಆಟವಲ್ಲ.

ಕೈಯಲ್ಲಿ ಏನೂ ಇಲ್ಲದೆ, ಬರೀ ಮುಂಗೈಯ ಭಾರವನ್ನು ಹೊತ್ತು ಮೊಣಕೈ ಮಡಚುವುದಕ್ಕೇ ಸುಮಾರು 50 ನ್ಯೂಟನ್, ಅಂದರೆ ಐದು ಕಿಲೋ ಎಳೆತ ಬೇಕು. ಇದನ್ನು ಮೇಲಿನ ಅಂಕಿಗಳ ಪಕ್ಕ ಇಟ್ಟು ನೋಡಿ. ನಾಲ್ಕರಲ್ಲಿ ಕಡಿಮೆ ಬಲದ ಸ್ಕ್ರೂ ಕೂಡ 24 ಕಿಲೋ ತಡೆದಿದೆ. ಬರಿಗೈ ಮಡಚಿ ಬಿಡಿಸುವುದಕ್ಕೆ ನಾಲ್ಕೂ ಸಾಕು. ಮೀನಿನ ಬುಟ್ಟಿ ಎತ್ತುವುದಕ್ಕೆ, ಜಾರುವ ಹಗ್ಗವನ್ನು ಫಕ್ಕನೆ ಹಿಡಿಯುವುದಕ್ಕೆ ನಾಲ್ಕರಲ್ಲಿ ಯಾವುದನ್ನೂ ಮೊದಲ ವಾರಗಳಲ್ಲಿ ನಂಬಲಾಗದು. ಬಟನ್ ಹಾಕಿಸಿಕೊಂಡವರಿಗೂ ವೈದ್ಯರು “ಆರು ವಾರ ಚಹಾದ ಲೋಟಕ್ಕಿಂತ ಭಾರ ಎತ್ತಬೇಡಿ” ಅನ್ನುವುದು ಇದಕ್ಕೇ.

ಒಂದೇ ಎಳೆತವಲ್ಲ, ಸಾವಿರಾರು ಎಳೆತ

ದಕ್ಕೆಗೆ ಕಟ್ಟಿದ ಬೋಟಿನ ಹಗ್ಗ ಸಾಮಾನ್ಯವಾಗಿ ಒಂದೇ ಎಳೆತಕ್ಕೆ ತುಂಡಾಗುವುದಿಲ್ಲ. ಅಲೆ ಬಂದಾಗೆಲ್ಲ ಸ್ವಲ್ಪ ಸ್ವಲ್ಪ ಎಳೆದು ಗಂಟು ಸಡಿಲವಾಗುತ್ತದೆ. ಕೈಯಲ್ಲೂ ಹೀಗೇ. ಅದಕ್ಕೆ 2007ರ ಪರೀಕ್ಷೆಯಲ್ಲಿ ಕೀಳುವ ಮೊದಲು ಇನ್ನೊಂದು ಕೆಲಸ ಮಾಡಿದರು. 50 ನ್ಯೂಟನ್ ಭಾರದಲ್ಲಿ ಮೊಣಕೈಯನ್ನು 3,600 ಸಲ ಮಡಚಿ ಬಿಡಿಸಿ, ಕಟ್ಟು ಎಷ್ಟು ಸರಿಯಿತು ಅಂತ ಅಳೆದರು. ಎಲ್ಲ ವಿಧಾನಗಳಲ್ಲೂ ಎರಡರಿಂದ ಮೂರೂವರೆ ಮಿಲಿಮೀಟರ್ ಸರಿದಿತ್ತು. ಕಡಿಮೆ ಸರಿದದ್ದು ಸ್ಕ್ರೂ! ಕೀಳುವ ಪರೀಕ್ಷೆಯಲ್ಲಿ ಕೊನೆಗೆ ನಿಂತದ್ದೇ ಇಲ್ಲಿ ಮುಂದೆ. ಬಟನ್ ಸ್ವಲ್ಪ ಜಾಸ್ತಿ ಸರಿಯಿತು. ಬೆಣೆ ಹೊಡೆದ ಕಾವು ಅಲುಗಾಡುವುದಿಲ್ಲ. ಉದ್ದ ದಾರಕ್ಕೆ ತೂಗುವ ವಸ್ತು ಸ್ವಲ್ಪ ಜಗ್ಗುತ್ತದೆ. ಎರಡರ ವ್ಯತ್ಯಾಸ ಒಂದೂಕಾಲು ಮಿಲಿಮೀಟರಿನಷ್ಟೇ, ಆದರೂ ಗಮನಿಸಬೇಕಾದದ್ದು.

ರಜ್ಜು ಮೂಳೆಗೆ ತಾಗಿಕೊಂಡೇ ಇದ್ದರೆ ಅಂಟಿಕೊಳ್ಳುತ್ತದೆ. ನಡುವೆ ಸಂದು ಬಿದ್ದರೆ ಅಂಟುವುದು ಕಷ್ಟ. ಕೆಲವು ವೈದ್ಯರು ಬಟನ್ನನ್ನೂ ಸ್ಕ್ರೂವನ್ನೂ ಒಟ್ಟಿಗೆ ಹಾಕುತ್ತಾರೆ. ಒಂದು ಕಿತ್ತುಬರದಂತೆ ತಡೆಯುತ್ತದೆ, ಇನ್ನೊಂದು ಅಲುಗದಂತೆ ಹಿಡಿಯುತ್ತದೆ. ಚೀಟಿಯಲ್ಲಿ ಎರಡರ ಹೆಸರೂ ಇದ್ದರೆ ಹೆದರಬೇಡಿ, ಕಾರಣ ಇದೇ ಇರಬಹುದು.

ಹೊಲಿಗೆಯ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ರಜ್ಜು ಅಂದರೆ ಉದ್ದುದ್ದ ನಾರುಗಳ ಕಟ್ಟು. ಅದಕ್ಕೆ ಸುಮ್ನೆ ಒಂದು ದಾರ ಅಡ್ಡ ಹಾಕಿ ಎಳೆದರೆ, ಬಾಚಣಿಗೆ ಕೂದಲಿನಲ್ಲಿ ಜಾರಿ ಬರುವ ಹಾಗೆ ದಾರ ನಾರುಗಳ ನಡುವೆ ಜಾರುತ್ತದೆ. ಹಾಗಾಗಿ ಪ್ರತಿ ಕುಣಿಕೆಯೂ ಸ್ವಲ್ಪ ನಾರನ್ನು ಸುತ್ತಿ ಬಿಗಿಹಿಡಿಯುವಂತೆ ಹೊಲಿಯುತ್ತಾರೆ. 1980ರ ದಶಕದಲ್ಲಿ ಬಳಕೆಗೆ ಬಂದ ಕ್ರಾಕೋವ್ ಹೊಲಿಗೆ ಇಂಥದ್ದು. ಬಟನ್ ಎಷ್ಟೇ ಗಟ್ಟಿಯಾಗಿ ಮೂಳೆಯ ಆಚೆ ಕೂತಿದ್ದರೂ ದಾರ ರಜ್ಜಿನಿಂದ ಜಾರಿದರೆ ಏನು ಪ್ರಯೋಜನ? ಆಪರೇಷನ್ ಮಾಡುವವರ ಕೈಯ ಅನುಭವ ಚೀಟಿಯಲ್ಲಿ ಬರೆದಿರುವುದಿಲ್ಲ. ಲೆಕ್ಕದಲ್ಲಿ ಮಾತ್ರ ಅದು ದೊಡ್ಡದು.

ಜೀವಂತ ಕೈಯಲ್ಲಿ ಏನಾಯಿತು?

ಯಂತ್ರದಲ್ಲಿ ಎಳೆದದ್ದಾಯಿತು. ರೋಗಿಗಳಲ್ಲಿ?

ಕೆನಡಾದಲ್ಲಿ ಗ್ರೇವಾಲ್ ಮತ್ತು ಜೊತೆಗಾರರು 91 ರೋಗಿಗಳನ್ನು ಎರಡು ಗುಂಪು ಮಾಡಿದರು. ಯಾರು ಯಾವ ಗುಂಪಿಗೆ ಅನ್ನುವುದನ್ನು ಚೀಟಿ ಎತ್ತಿದ ಹಾಗೆ, ಯಾರ ಇಷ್ಟಕ್ಕೂ ಬಿಡದೆ ನಿರ್ಧರಿಸಿದರು. ಒಂದು ಗುಂಪಿಗೆ ಒಂದೇ ಕಡೆ ಕೊಯ್ದು ಆ್ಯಂಕರ್ ಹಾಕಿದರು. ಇನ್ನೊಂದು ಗುಂಪಿಗೆ ಎರಡು ಕಡೆ ಕೊಯ್ದು ಸುರಂಗದಲ್ಲಿ ಕಟ್ಟಿದರು. ಫಲಿತಾಂಶ 2012ರಲ್ಲಿ ಪ್ರಕಟವಾಯಿತು. ನೋವು, ಕೈಯ ಉಪಯೋಗ ಇವುಗಳಲ್ಲಿ ಎರಡೂ ಗುಂಪು ಹೆಚ್ಚುಕಡಿಮೆ ಒಂದೇ. ಮಡಚುವ ಬಲವಂತೂ ಸುರಂಗದ ಗುಂಪಿನಲ್ಲೇ ಸುಮಾರು ಹತ್ತು ಶೇಕಡ ಜಾಸ್ತಿ ಇತ್ತು. ಯಂತ್ರದ ಪರೀಕ್ಷೆಗಳಲ್ಲಿ ಆ್ಯಂಕರಿಗಿಂತ ಹಿಂದೆ ಬಿದ್ದಿದ್ದ ಕಟ್ಟು ಇದು!

ದೊಡ್ಡ ವ್ಯತ್ಯಾಸ ಕಂಡದ್ದು ನಿಜವಾದ ನರದಲ್ಲಿ. ಮುಂಗೈಯ ಹೊರಬದಿಯ ಚರ್ಮಕ್ಕೆ ಸ್ಪರ್ಶ ಕೊಡುವ ನರವೊಂದು ಕೊಯ್ಯುವ ಜಾಗದ ಪಕ್ಕದಲ್ಲೇ ಹೋಗುತ್ತದೆ. ಒಂದೇ ಕಡೆ ಕೊಯ್ದ 47 ಜನರಲ್ಲಿ 19 ಜನರಿಗೆ ಅಲ್ಲಿ ಮರಗಟ್ಟಿದ ಹಾಗಾಯಿತು. ಎರಡು ಕಡೆ ಕೊಯ್ದ 43ರಲ್ಲಿ ಮೂವರಿಗೆ ಮಾತ್ರ. ಹೆಚ್ಚಿನವರಲ್ಲಿ ಅದು ಕಾಲಕ್ರಮೇಣ ಸರಿಹೋಗುವ ತೊಂದರೆ. ಹಾಗಂತ ಎರಡು ಕಡೆ ಕೊಯ್ಯುವುದೇ ಮೇಲು ಅಂತಲೂ ಅಲ್ಲ. ಅದರಲ್ಲಿ ಬೇಡದ ಜಾಗದಲ್ಲಿ ಮೂಳೆ ಬೆಳೆದು, ಅಂಗೈ ತಿರುಗುವುದಕ್ಕೆ ಅಡ್ಡಿಯಾಗುವ ಭಯ ಸ್ವಲ್ಪ ಜಾಸ್ತಿ. ಬಟನ್ನಿಗೆ ಮೂಳೆಯ ಆಚೆ ಬದಿಯವರೆಗೂ ಕೊರೆಯಬೇಕು. ಅಲ್ಲಿ ಬೆರಳುಗಳನ್ನು ಎತ್ತುವ ನರವೊಂದು ಹತ್ತಿರದಲ್ಲೇ ಇದೆ. ಕೊರೆಯುವಾಗ ಅಂಗೈಯನ್ನು ಪೂರ್ತಿ ಮೇಲ್ಮುಖ ಮಾಡಿ ಆ ನರವನ್ನು ದೂರ ಇಡುತ್ತಾರೆ.

ಕಟ್ಟಿದ ರಜ್ಜು ಮತ್ತೆ ಕಿತ್ತುಬರುವುದು ನೂರರಲ್ಲಿ ಒಂದೆರಡು ಜನರಿಗೆ ಮಾತ್ರ. ಅದೂ ಹೆಚ್ಚಾಗಿ ಮೊದಲ ಕೆಲವು ವಾರಗಳಲ್ಲಿ. ಎಷ್ಟೋ ಸಲ ಕಾರಣ ಒಂದೇ: ನೋವು ಇಲ್ಲ ಅಂತ ಭಾರ ಎತ್ತಿದ್ದು.

ಆದ್ದರಿಂದ ಅತ್ತಿಗೆಗೆ ನಾನು ಕೊನೆಗೆ ಹೇಳಿದ್ದು ಇಷ್ಟು. ಯಂತ್ರದಲ್ಲಿ ಎಳೆದರೆ ಬಟನ್ನೇ ಗಟ್ಟಿ, ಅದರಲ್ಲಿ ಅನುಮಾನವಿಲ್ಲ. ಆದರೆ ಅಣ್ಣನ ಕೈಗೆ ನಾಲ್ಕರಲ್ಲಿ ಯಾವುದೂ ಸಾಲದು ಅಂತಲ್ಲ. ವೈದ್ಯರು ತಮ್ಮ ಕೈಗೆ ಪಳಗಿದ ವಿಧಾನವನ್ನು ಹೇಳಿದರೆ ಅದನ್ನು ಬದಲಿಸಲು ಹಟ ಮಾಡಬೇಡಿ. ಅವರನ್ನು ಕೇಳಬೇಕಾದದ್ದು ಬೇರೆ: ಇಂಥ ಎಷ್ಟು ಕೈ ಕಟ್ಟಿದ್ದೀರಿ, ಒಂದು ಕೊಯ್ತವೋ ಎರಡೋ, ಮೊಣಕೈ ಯಾವಾಗಿನಿಂದ ಮಡಚಬಹುದು, ಯಾವ ವಾರ ಎಷ್ಟು ಕಿಲೋ ಎತ್ತಬಹುದು.

ಕಟ್ಟು ತಾಳಬೇಕಾದ ದಿನಗಳು

ಬಟನ್ನು, ಸ್ಕ್ರೂ, ದಾರ ಇವೆಲ್ಲ ಜೀವನಪೂರ್ತಿ ಭಾರ ಹೊರುವುದಕ್ಕೆ ಇರುವುದಲ್ಲ. ಗಿಡಕ್ಕೆ ಕಸಿ ಕಟ್ಟಿದಾಗ ಸುತ್ತಿದ ಪಟ್ಟಿಯ ಹಾಗೆ. ಎರಡೂ ಕೊಂಬೆ ಕೂಡಿಕೊಳ್ಳುವವರೆಗೆ ಪಟ್ಟಿ ಹಿಡಿದಿರಬೇಕು. ಕೂಡಿದ ಮೇಲೆ ಭಾರ ಹೊರುವುದು ಗಿಡವೇ. ರಜ್ಜು ಮೂಳೆಯೊಳಗೆ ಬೇರುಬಿಟ್ಟು ಭಾರ ಹೊರುವಷ್ಟು ಆಗಲು ಆರರಿಂದ ಹನ್ನೆರಡು ವಾರ ಬೇಕು. ಪರೀಕ್ಷೆಯ ಅಂಕಿಗಳೆಲ್ಲ ಮೊದಲ ದಿನದವು, ಜೀವ ಇಲ್ಲದ ಕೈಯವು. ಜೀವಂತ ಕೈಯಲ್ಲಿ ದಿನ ಕಳೆದಂತೆ ಭಾರ ಬಟನ್ನಿನಿಂದ ಮೂಳೆಗೆ ದಾಟುತ್ತಾ ಹೋಗುತ್ತದೆ. ಹನ್ನೆರಡು ವಾರದ ನಂತರ ‘ಬಟನ್ನೋ ಆ್ಯಂಕರೋ’ ಅನ್ನುವ ಪ್ರಶ್ನೆಗೆ ಹೆಚ್ಚು ಅರ್ಥ ಉಳಿಯುವುದಿಲ್ಲ.

ಸಾಮಾನ್ಯ ಕ್ರಮ ಹೀಗಿರುತ್ತದೆ. ಮೊದಲ ಒಂದೆರಡು ವಾರ ಪಟ್ಟಿ ಅಥವಾ ಜೋಲಿ. ಆಮೇಲೆ ನಿಧಾನವಾಗಿ ಬರಿಗೈ ಮಡಚಿ ಬಿಡಿಸುವುದು. ಎಂಟರಿಂದ ಹನ್ನೆರಡನೆಯ ವಾರದ ನಡುವೆ ಹಗುರ ಭಾರದ ವ್ಯಾಯಾಮ. ಭಾರದ ಕೆಲಸಕ್ಕೆ ನಾಲ್ಕರಿಂದ ಆರು ತಿಂಗಳು. ವೈದ್ಯರಿಂದ ವೈದ್ಯರಿಗೆ ಸ್ವಲ್ಪ ಹಿಂದೆ ಮುಂದೆ ಆಗುತ್ತದೆ.

ಅಣ್ಣನ ಮನಸ್ಸಿನಲ್ಲಿ ಇದ್ದದ್ದು ಬೇರೆ ಲೆಕ್ಕ. “ಆಗಸ್ಟ್ ಒಂದಕ್ಕೆ ಬೋಟು ಇಳಿಯುವಾಗ ನಾನೂ ಇರಬೇಕು” ಅಂತ. ಕ್ಯಾಲೆಂಡರ್ ತೆಗೆದು ಒಟ್ಟಿಗೆ ಎಣಿಸಿದೆವು. ಆಪರೇಷನ್ ಆದದ್ದು ಜೂನ್ 12ಕ್ಕೆ, ಬಟನ್ ಹಾಕಿ. ಆಗಸ್ಟ್ 1 ಅಂದರೆ 50ನೆಯ ದಿನ, ಏಳು ವಾರ. ಹನ್ನೆರಡು ವಾರ ತುಂಬುವುದು ಸೆಪ್ಟೆಂಬರ್ 4ಕ್ಕೆ. ಬಲೆ ಎಳೆಯುವ ಮಾತು ಅಕ್ಟೋಬರ್ ಮಧ್ಯಕ್ಕೂ ಮೊದಲು ಇಲ್ಲ. ಅವರು ಬಹಳ ಹೊತ್ತು ಸುಮ್ಮನೆ ಕೂತಿದ್ದರು. ಆಮೇಲೆ ಎದ್ದು ಹೋಗಿ ಬೋಟಿನ ಮಾಲಕರಿಗೆ ಫೋನು ಮಾಡಿದರು.

ಈ ಸಲ ಬೋಟು ಅವರಿಲ್ಲದೆ ಹೊರಟಿತು. ಅಣ್ಣ ಈಗ ದಕ್ಕೆಯಲ್ಲಿ ಕೂತು ಇಳಿಸಿದ ಮೀನಿನ ಲೆಕ್ಕ ಬರೆಯುತ್ತಾರೆ. ಬಲಗೈಯಲ್ಲಿ ಪೆನ್ನು ಹಿಡಿಯುವುದಕ್ಕೆ ವೈದ್ಯರ ಅಡ್ಡಿಯಿಲ್ಲ.